ಮಾವಿನ ತೋಪಿಗೆ ನೀರು ನುಗ್ಗಿದ್ದು

ನಮ್ಮ ಬಡಾವಣೆಗೆ ಒಂದು ಇತಿಹಾಸ ಬೇಕು ಎಂದು ನಿವಾಸಿಗಳ ಸಂಘದ ಕಾರ್ಯದರ್ಶಿಗೆ ಅನ್ನಿಸಿದ್ದು ಒಂದು ಬೇಸಿಗೆಯಲ್ಲಿ. ರಸ್ತೆ, ಚರಂಡಿ, ಬೀದಿದೀಪ ಬೇಕು ಎಂದು ಅದಕ್ಕೂ ಮೊದಲೇ ಅನ್ನಿಸಿತ್ತು, ಅವು ಸಿಗಲಿಲ್ಲ. ಇತಿಹಾಸಕ್ಕೆ ಯಾವ ಸಾಹೇಬರ ಸಹಿಯೂ ಬೇಕಿರಲಿಲ್ಲ. ಪಾರ್ಕಿನ ಗೇಟಿಗೆ ಕ್ಯೂಆರ್ ಕೋಡಿನ ಫಲಕ ಹಾಕುವುದು, ಅದಕ್ಕೆ ಮೊಬೈಲ್ ಹಿಡಿದರೆ ಹೇರೋಹಳ್ಳಿ ಆಚೆಗಿನ ಈ ಮೂಲೆಯ ಕಥೆ ಹಿರಿಯರೊಬ್ಬರ ದನಿಯಲ್ಲಿ ಕೇಳಿಸುವುದು. ಆ ಹಿರಿಯ ನಾನು.

ನಾನು ಓದಿದ್ದು ಎಸ್ಸೆಸ್ಸೆಲ್ಸಿ. ರಾಜಾಜಿನಗರದ ಕಾರ್ಖಾನೆಯೊಂದರಲ್ಲಿ ಸ್ಟೋರ್ಸ್ ನೋಡಿಕೊಳ್ಳುತ್ತಿದ್ದೆ. ರಾಜ್ಯೋತ್ಸವದ ನಾಟಕದಲ್ಲಿ ಪ್ರತಿ ವರ್ಷ ರಾಜನ ಪಾತ್ರ ನನಗೇ, ಕಂಠ ಹಾಗಿತ್ತು. ನಿವೃತ್ತಿಯ ನಂತರ ಆ ಕಂಠ ಸೊಪ್ಪಿನ ಚೌಕಾಸಿಗಷ್ಟೇ ಬಳಕೆಯಾಗುತ್ತಿತ್ತು. ಕರೆದ ಕೂಡಲೇ ಇಸ್ತ್ರಿ ಶರ್ಟು ಹಾಕಿಕೊಂಡು ಹೋದೆ, ದನಿಯೊಂದನ್ನೇ ತೆಗೆದುಕೊಳ್ಳುತ್ತಾರೆ ಎಂದು ಗೊತ್ತಿದ್ದೂ.

ಮೊದಲ ಸಲ ನಿಜವನ್ನೇ ಹೇಳಿದೆ. ಇಲ್ಲಿ ಕೆರೆ ಇತ್ತು, ನಾನು ಸೈಟು ಕೊಳ್ಳುವಾಗಲೂ ಒಂದು ಮೂಲೆಯಲ್ಲಿ ಹುಡುಗರು ಮೀನು ಹಿಡಿಯುತ್ತಿದ್ದರು, ಮಣ್ಣು ತುಂಬಿ ತುಂಬಿ ಬಡಾವಣೆ ಮಾಡಿದರು ಎಂದೆ. ಕಾರ್ಯದರ್ಶಿ ಮೊಬೈಲ್ ಕೆಳಗಿಟ್ಟರು.

“ಕೆರೆ ಬೇಡ ಸಾರ್. ಸ್ವಲ್ಪ ನೆಗೆಟಿವ್ ಆಗುತ್ತೆ.”

“ಇದ್ದಿದ್ದು ಅದೇ ಅಲ್ವೇನಪ್ಪಾ?”

“ಇತ್ತು ಸಾರ್, ಈಗಿಲ್ವಲ್ಲ. ನಿಮ್ಮ ಮನೆ ಎಲ್ಲಿದೆ ಹೇಳಿ? ನಾಳೆ ಮಾರೋಕೆ ಹೋದ್ರೆ ಕೊಳ್ಳೋನು ಮೊದ್ಲು ಇದನ್ನೇ ಎತ್ತುತ್ತಾನೆ. ಮಾವಿನ ತೋಪಿತ್ತು ಅಂದ್ಬಿಡಿ, ಫೀಲ್ ಚೆನ್ನಾಗಿರುತ್ತೆ.”

ಮಾರುವ ಯೋಚನೆ ನನಗಿರಲಿಲ್ಲ. ಆದರೂ ಬೆಲೆ ಬೀಳುತ್ತದೆ ಎಂದರೆ ಸತ್ಯ ಯಾರಿಗೆ ರುಚಿಸುತ್ತದೆ? ಎರಡನೇ ಸಲ ನಾನು ಹೇಳಿದ ತೋಪಿನಲ್ಲಿ ತಂಪು ನೆರಳಿತ್ತು, ದಾರಿಹೋಕರಿಗೆ ಹಣ್ಣು ಹಂಚುವ ಧಾರಾಳಿ ಮಾಲೀಕನಿದ್ದ, ಕೋಗಿಲೆಯಿತ್ತು. ಕೋಗಿಲೆಯನ್ನು ಯಾರೂ ಕೇಳಿರಲಿಲ್ಲ. ಅದು ನನ್ನ ಸ್ವಂತ ಕೊಡುಗೆ. ಫಲಕ ಹಾಕಿದ ಮೇಲೆ ವಾಕಿಂಗ್ ಹೋದಾಗ ಜನ ನಿಲ್ಲಿಸಿ ಕೈಕುಲುಕಿದರು. ಒಬ್ಬಾಕೆ ಕಣ್ಣೊರೆಸಿಕೊಂಡರು. ಮೆಲ್ಲಗೆ ನಾನೂ ನಂಬತೊಡಗಿದೆ. ನನ್ನ ಮನೆಯ ಪಾಯವನ್ನು ಸೊಂಟದೆತ್ತರಕ್ಕೆ ಏರಿಸಿ ಕಟ್ಟಿಸಿದ್ದು ಯಾವ ಮಾವಿನಹಣ್ಣಿಗೆ ಹೆದರಿ ಎಂದು ಮಾತ್ರ ಕೇಳಿಕೊಳ್ಳಲಿಲ್ಲ.

ನಮ್ಮ ಬೀದಿಯ ತಗ್ಗಿನ ತುದಿಯಲ್ಲಿ ಕಾರ್ಯದರ್ಶಿಯದೇ ಒಂದು ಮಳಿಗೆ ಇದೆ. ಅದನ್ನು ಬಾಡಿಗೆಗೆ ನೋಡಲು ಗದಗಿನ ಕಡೆಯ ಹೆಣ್ಣುಮಗಳೊಬ್ಬಳು ಬಂದಳು. ಮನೆಯಲ್ಲೇ ಜೋಳದ ರೊಟ್ಟಿ ತಟ್ಟಿ ಮಾರುತ್ತಿದ್ದವಳು. ಅಂಗಡಿ ಅಂತ ಇಡುತ್ತಿರುವುದು ಅದೇ ಮೊದಲು. ನನ್ನ ದನಿ ಕೇಳಿ ಗುರುತು ಹಿಡಿದಳು.

“ಅಜ್ಜಾರ, ಫೋನಿನ್ಯಾಗ ತೋಪಿನ ಕತಿ ಹೇಳಾವ್ರು ನೀವ ಹೌದಲ್ರಿ? ಇಲ್ಲೆ ಮಳಿನೀರು ಒಳಗ ಬರಂಗಿಲ್ಲಲ್ರಿ? ಹಿಟ್ಟಿನ ಚೀಲ ನೆಲದ ಮ್ಯಾಲ ಇಡಬೇಕಾಗ್ತದ.”

ಕಾರ್ಯದರ್ಶಿ ಪಕ್ಕದಲ್ಲೇ ನಿಂತಿದ್ದರು.

“ತೋಪಿದ್ದ ಜಾಗ ಕಣಮ್ಮಾ, ಗಟ್ಟಿ ನೆಲ,” ಎಂದೆ. ರಾಜನ ಕಂಠದಲ್ಲೇ ಎಂದೆ.

ಕೆರೆ ನನ್ನ ಧ್ವನಿಮುದ್ರಣವನ್ನು ಕೇಳಿರಲಿಲ್ಲವೆಂದು ತೋರುತ್ತದೆ. ಮಳೆಗಾಲದ ಒಂದು ಮಧ್ಯಾಹ್ನ ನೇರವಾಗಿ ಅವಳ ಅಂಗಡಿಗೆ ಬಂತು. ನಾನು ನಮ್ಮ ಮನೆಯ ಜಗಲಿಯ ಮೇಲೆ ಕಾಲು ಒದ್ದೆಯಾಗದಂತೆ ನಿಂತು ನೋಡಿದೆ. ಅವಳೂ ಅವಳ ಗಂಡನೂ ಹಿಟ್ಟಿನ ಚೀಲಗಳನ್ನು ಹೊರಗೆಳೆಯುತ್ತಿದ್ದರು. ಒಂದು ಒಡೆದು ರಸ್ತೆಯ ತುಂಬ ಅಂಬಲಿಯಾಯಿತು. ಮದುವೆಮನೆಯೊಂದಕ್ಕೆ ರೊಟ್ಟಿ ಒಪ್ಪಿಕೊಂಡಿದ್ದಳು, ಅದೂ ಕೈತಪ್ಪಿತು. ಸಂಘದ ವಾಟ್ಸಾಪ್ ಗುಂಪಿನಲ್ಲಿ ಕಾರ್ಯದರ್ಶಿ ‘ಹವಾಮಾನ ವೈಪರೀತ್ಯ’ ಎಂದು ಬರೆದು ಕೈಮುಗಿದ ಚಿತ್ರ ಹಾಕಿದರು.

ಮರುದಿನ ಅವಳ ಹತ್ತಿರ ಹೋಗಿ ಹೇಳಿದೆ: ತೋಪಿರಲಿಲ್ಲ, ಕೆರೆ ಇತ್ತು. ಅವಳು ಕೆಸರು ಬಳಿದು ಹೊರಹಾಕುವುದನ್ನು ನಿಲ್ಲಿಸಲಿಲ್ಲ.

“ಗೊತ್ತಿದ್ದೂ ಹೇಳಿದ್ರಿ?”

“ಹೂಂ.”

“ನಾ ಕೇಳಿದಾಗ ಸುಮ್ನ ನಿಂತಿದ್ರೂ ಸಾಕಿತ್ರಿ ಅಜ್ಜಾರ. ನನಗ ಸಂಶೇ ಬರ್ತಿತ್ತು.”

ತಪ್ಪಾಯಿತು ಎಂದೆ. ಅವಳು ಕೈ ಒರೆಸಿಕೊಂಡು ಫೋನ್ ತೆಗೆದಳು. ರೊಟ್ಟಿ ಗಿರಾಕಿಗಳದೇ ಅವಳದೊಂದು ವಾಟ್ಸಾಪ್ ಗುಂಪಿತ್ತು. ನಮ್ಮ ಬಡಾವಣೆಯ ಅರ್ಧ ಮನೆಗಳು ಅದರಲ್ಲಿದ್ದವು.

“ನನಗ ಹೇಳಿದ್ದು ಇದರಾಗ ಹೇಳ್ರಿ. ಕೋಗಿಲಿ ಬ್ಯಾಡ.”

ಹೇಳಿದೆ. ಕೆರೆಯ ಏರಿ ಎಲ್ಲಿತ್ತು, ತೂಬು ಎಲ್ಲಿತ್ತು, ಈಗ ಯಾವ ಸಾಲಿನ ಮನೆಗಳು ನೀರಿನ ಜಾಗದಲ್ಲಿವೆ, ಅದರಲ್ಲಿ ನನ್ನದೂ ಒಂದು, ಕೇಳಿದವಳಿಗೆ ನಾನು ಸುಳ್ಳು ಹೇಳಿದೆ, ಎಲ್ಲವನ್ನೂ. ಈ ಸಲ ರಾಜನ ಕಂಠ ಇರಲಿಲ್ಲ. ಸಂಜೆಯೊಳಗೆ ಕಾರ್ಯದರ್ಶಿಯ ಫೋನು.

“ಏನ್ಸಾರ್ ಇದು, ಎಲ್ಲರ ಹೊಟ್ಟೆ ಮೇಲೆ ಹೊಡೆದ್ರಲ್ಲ! ಅದು ಫೇಕ್ ಅಂತ ಒಂದು ಮೆಸೇಜ್ ಹಾಕ್ಬಿಡಿ, ಪ್ಲೀಸ್.”

“ಫೇಕ್ ಪಾರ್ಕ್ ಗೇಟಲ್ಲಿದೆ ಕಣಪ್ಪಾ,” ಎಂದೆ.

ಸಂಘದ ಗುಂಪಿನಿಂದ ನನ್ನನ್ನು ತೆಗೆದರು. ಗೇಟಿನಲ್ಲಿ ತೋಪಿನ ಕಥೆ ಇನ್ನೂ ನನ್ನ ದನಿಯಲ್ಲೇ ಇದೆ. ಅಳಿಸುವ ಪಾಸ್‌ವರ್ಡ್ ನನ್ನ ಹತ್ತಿರವಿಲ್ಲ. ಯಾರಾದರೂ ಹೊಸಬರು ಅಲ್ಲಿ ಮೊಬೈಲ್ ಹಿಡಿದರೆ ಪಕ್ಕ ನಿಂತು ಅದು ಸುಳ್ಳು ಎನ್ನುತ್ತೇನೆ. ಹೇಳುತ್ತಿರುವವನೇ ನಾನು ಎಂದರೆ ಮುದುಕನ ತಲೆ ಸರಿಯಿಲ್ಲ ಎಂದು ನಕ್ಕು ಹೋಗುತ್ತಾರೆ.

ರೊಟ್ಟಿಯವಳು ಈಗ ದೀಪಾಂಜಲಿ ನಗರದ ಕಡೆ ಮಳಿಗೆ ಹಿಡಿದಿದ್ದಾಳೆ. ಈ ಸಲ ಯಾವ ಹಿರಿಯರನ್ನೂ ಕೇಳಲಿಲ್ಲವಂತೆ. ಜೋರು ಮಳೆ ಸುರಿಯುವ ದಿನಕ್ಕೆ ಕಾದು, ಕೊಡೆ ಹಿಡಿದು, ತಾನೇ ಹೋಗಿ ಆ ಬಾಗಿಲ ಮುಂದೆ ನಿಂತು ನೋಡಿಕೊಂಡು ಬಂದಳಂತೆ.