ಕೂದಲೆಳೆಯಷ್ಟು ತಡ

ಮಹಡಿಯ ಕೋಣೆ ಬಾಡಿಗೆಗೆ ಕೇಳಲು ಬಂದ ದಿನವೇ ಅವನು ಮನೆಯೊಡತಿಯ ಬಾಗಿಲ ಮೇಲೆ ಬೆರಳಲ್ಲಿ ತಾಳ ಹಾಕಿ, "ಮರ ಚೆನ್ನಾಗಿದೆ ಅಮ್ಮ" ಎಂದಿದ್ದ. ಡ್ರಮ್ಮಿಲ್ಲ, ಕೋಲಿಲ್ಲ, ಕಂಪ್ಯೂಟರಿನಲ್ಲೇ ಒಂದೊಂದು ಬಡಿತ ಜೋಡಿಸಿ ತಾಳ ಕಟ್ಟುವ ಕಸುಬು ಅವನದು. ತಾಳ ಮಾಡಿಕೊಡಲು ಹೇಳಿದ್ದ ಒಂದು ನೃತ್ಯ ತಂಡದವರು "ಇದಕ್ಕೆ ಕುಣಿಯೋಕಾಗಲ್ಲ" ಎಂದು ಅದನ್ನು ಎರಡು ಸಲ ವಾಪಸು ಕಳಿಸಿದ್ದರು. ಮೂರನೆಯ ಸಲವೂ ಹಾಗಾದರೆ ಕಸುಬೇ ಬಿಡುತ್ತೇನೆ ಎನ್ನುತ್ತಿದ್ದ. ಒಂದು ಬಡಿತವನ್ನು ಕೂದಲೆಳೆಯಷ್ಟು ತಡ ಮಾಡುವನು, ಇನ್ನೊಂದನ್ನು ಮೆತ್ತಗಾಗಿಸುವನು, ಕೆಳಗಿಳಿದು ಮನೆಯೊಡತಿಗೆ ಕೇಳಿಸುವನು. "ಗಡಿಯಾರ ಇದ್ದಂಗಿದೆಯಪ್ಪ, ಉಸಿರೇ ಎಳ್ಕೊಳ್ಳಲ್ಲ" ಎಂದು ಆಕೆ ಅಂದರೆ ಬೇಸರಿಸದೆ ಮತ್ತೆ ಮೆಟ್ಟಿಲು ಹತ್ತುವನು. ನಲವತ್ತನೆಯ ಸಲವೋ ಏನೋ, ಆಕೆ ಕೇಳುತ್ತಲೇ ಕೂತಳು. ಯಜಮಾನರು ತೀರಿಹೋದ ಮೇಲೆ ಯಾವ ಹಾಡಿಗೂ ಅಲುಗದಿದ್ದ ಆಕೆಯ ಪಾದ ತಾನಾಗಿ ತಾಳ ಹಾಕುತ್ತಿತ್ತು. ಗೊತ್ತಾದೊಡನೆ ನಾಚಿ ಪಾದವನ್ನು ಸೀರೆಯ ಒಳಗೆಳೆದುಕೊಂಡಳು. ಅವನು ಗಾಬರಿಯಾಗಿ ಕೇಳಿದ: "ಅಮ್ಮ, ಕಾಲು ಯಾಕೆ ನಿಲ್ಲಿಸಿದ್ರಿ?"