ಬಟ್ಟೆಗಂಟು ಇಲ್ಲದೆ ಕಾಲುವೆಗೆ

ಹಳೆಯ ವಿದ್ಯಾರ್ಥಿಗಳ ಕೂಟಕ್ಕೆ ಹೊರಟ ದಿನ ಬೆಳಗಿನಿಂದಲೇ ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಸುರಪುರದಲ್ಲಿ ಶಹಾಪುರದ ಬಸ್ಸು ಹತ್ತುವಾಗ ಹೊಸ ಇಳಕಲ್ ಸೀರೆಯ ನಿರಿಗೆಯನ್ನು ಯಾರೂ ತುಳಿಯದ ಹಾಗೆ ಎತ್ತಿ ಹಿಡಿದುಕೊಂಡಿದ್ದೆ. ಮಕ್ಕಳ ಮುಂದೆ ದಿನಾ ಸಿಡಿಮಿಡಿ ಅನ್ನುವ ಟೀಚರಮ್ಮ ನಾನು; ಅವತ್ತು ಕಂಡಕ್ಟರನಿಗೂ ನಕ್ಕು ಮಾತಾಡಿಸಿದೆ. ನನಗೆ ಬೇಕಾಗಿದ್ದು ಒಂದೇ. ಆ ಶಾಲೆಯಲ್ಲಿ ಇವಳೂ ಇದ್ದಳು ಅಂತ ಯಾರಾದರೂ ನೆನಪಿಸಿಕೊಳ್ಳಬೇಕಿತ್ತು.

ಶಾಮಿಯಾನದ ಬಾಗಿಲಲ್ಲೇ ನನ್ನ ತರಗತಿಯವನೊಬ್ಬ ಗುಲಾಬಿ ಹೂ ಕೊಟ್ಟು ಕೇಳಿದ, "ಬರ್ರಿ ಮೇಡಮ್, ನೀವು ಯಾರ ಮನಿಯವರ್ರಿ?"

ಯಾರ ಹೆಂಡತಿ ಅಂತ! ಮೈಯೆಲ್ಲ ಉರಿದುಹೋಯಿತು.

"ಯಾರ ಮನಿಯಾಕಿನೂ ಅಲ್ರಿ, ನಿಮ್ಮ ಕ್ಲಾಸಿನಾಕಿನೇ ಇದ್ದೀನಿ. ನಿಮಗ ಲೆಕ್ಕ ಬರಲಾರದಾಗ ಮಾಸ್ತರರು ಯಾರ ಕೈಲೆ ನಿಮ್ಮ ಮೂಗು ಹಿಡಿಸಿ ಕಪಾಳಕ್ಕ ಹೊಡಸ್ತಿದ್ರು, ಆಕಿ."

ಅವನ ಕೈ ತಾನಾಗಿಯೇ ಕೆನ್ನೆಗೆ ಹೋಯಿತು. "ಏಟು ಪೂರಾ ನೆನಪವ್ರಿ, ನೀವೇ ನೆನಪಾಗವಲ್ರಿ" ಅಂತ ಜೋರಾಗಿ ನಕ್ಕ. ನಾನೂ ನಕ್ಕೆ, ಆದರೆ ಮನಸ್ಸು ಪಿಚ್ಚೆನಿಸಿತು. ಅಷ್ಟು ಹೊಡೆದವಳೇ ನೆನಪಿಲ್ಲ ಅಂದರೆ ಇನ್ನೇನು ಮಾಡಬೇಕಿತ್ತು ನಾನು?

ಒಳಗೆ ಗಂಡಸರು ಎಡಕ್ಕೆ, ಹೆಂಗಸರು ಬಲಕ್ಕೆ. ಹೀಗೆ ಕೂರಿ ಎಂದು ಯಾರೂ ಹೇಳಿರಲಿಲ್ಲ, ತರಗತಿಯಲ್ಲಿ ಕೂತ ಹಾಗೇ ಕೂತುಬಿಟ್ಟಿದ್ದೆವು. ಮೈಕಿನ ಮುಂದೆ ಬಂದವರೆಲ್ಲ ಗಂಡಸರೇ, ಹೇಳಿದ್ದೆಲ್ಲ ಕಾಲುವೆಯ ಕಥೆಯೇ. ಯಾರು ಎಷ್ಟು ಎತ್ತರದಿಂದ ಹಾರಿದರು, ಯಾರ ಚಡ್ಡಿ ತೇಲಿಹೋಯಿತು. "ನಮ್ಮ ಬಾಲ್ಯ ಅಂದ್ರ ಆ ಕಾಲುವೀನೇ ನೋಡ್ರಿ" ಅನ್ನುವಾಗ ಒಬ್ಬನಂತೂ ಕಣ್ಣು ಒರೆಸಿಕೊಂಡ.

ನಾವು ಓದುವಾಗಲೇ ಶಾಲೆಯ ಹಿಂದಿನ ಆ ಕಾಲುವೆಗೆ ಮೊದಲ ಸಲ ನೀರು ಬಂದದ್ದು. ನೊರೆ, ಒಣಗಿದ ಎಲೆ, ಜಾಲಿಮುಳ್ಳು ಎಲ್ಲವನ್ನೂ ತಳ್ಳಿಕೊಂಡು ಬಂತು. ಹುಡುಗರು ಅಂಗಿ ಬಿಚ್ಚಿ ದುಮುಕಿದರು. ನಾವು ಪುಸ್ತಕ ಎದೆಗೊತ್ತಿಕೊಂಡು ದಂಡೆಯ ಮೇಲೆ ನಿಂತು ನೋಡಿದೆವು. ನಮ್ಮಪ್ಪ ಭೀಮರಾಯನಗುಡಿ ನೀರಾವರಿ ಕ್ಯಾಂಪಿನ ನೌಕರ, ಕಾಲುವೆಯ ಗೇಟು ತಿರುಗಿಸುವವನು. ಊರೂರಿಗೆ ನೀರು ಬಿಟ್ಟವನು ಮಗಳನ್ನು ಮಾತ್ರ ನೀರಿಗೆ ಬಿಡಲಿಲ್ಲ. ತಲೆಯ ಮೇಲೆ ಒಗೆಯುವ ಬಟ್ಟೆಯ ಗಂಟು ಇದ್ದರೆ ಹೋಗಬಹುದಿತ್ತು. ಬರಿಗೈಲಿ ಹೊರಟರೆ ಅವ್ವ ಕೇಳುತ್ತಿದ್ದಳು, "ಅಲ್ಲೇನ್ ಕೆಲಸ ಅದ ನಿಂದು?"

ಪಕ್ಕದಲ್ಲಿ ನನ್ನ ಬೆಂಚಿನ ಗೆಳತಿ ಕೂತಿದ್ದಳು. ವನದುರ್ಗದಲ್ಲಿ ಹೊಲ ನೋಡಿಕೊಂಡಿರುವವಳು. ಅವಳು ಪಿಸುಗುಟ್ಟಿದರೂ ಆಳುಗಳನ್ನು ಕೂಗಿದ ಹಾಗೆ ಇರುತ್ತದೆ. "ಇವ್ರು ಹೇಳೋ ಸಾಲಿಗಿ ನಾವು ಹೋಗೇ ಇಲ್ಲ ಬಿಡವ್ವ" ಅಂದಳು. ಬಲಗಡೆ ಇಡೀ ಕಿಸಕ್ಕೆಂದಿತು.

ಅಷ್ಟರಲ್ಲಿ ಗಂಡಸರು ಒಬ್ಬರಿಗೊಬ್ಬರು ಶಾಲು ಹೊದಿಸುವುದು ಶುರುವಾಯಿತು. ಅದು ಬೇಗ ಮುಗಿಯುವ ಲಕ್ಷಣ ಕಾಣಲಿಲ್ಲ. ಗೆಳತಿ ಎದ್ದು ನಿಂತಳು.

"ನಡೀರೇ, ಕಾಲುವಿಗಿ ಹೋಗಿ ಬರಾಮು."

"ಯಾಕ?" ಅಂತ ಒಬ್ಬಳು ಕೇಳಿದಳು.

"ಸುಮ್ಮನ."

ಆ ಮಾತು ನಮ್ಮನ್ನು ಎಬ್ಬಿಸಿಬಿಟ್ಟಿತು. ಬಟ್ಟೆ ಒಗೆಯುವ ಮೆಟ್ಟಿಲುಗಳು ಇದ್ದಲ್ಲೇ ಇದ್ದವು. ಸೀರೆ ಎತ್ತಿ ಕಟ್ಟಿ, ಕೈ ಕೈ ಹಿಡಿದು ಇಳಿದೆವು. ಅಬ್ಬಾ, ಏನು ತಂಪು! ಯಾದಗಿರಿಯಿಂದ ಕಾರಿನಲ್ಲಿ ಬಂದು ಆಗಿನಿಂದ ತುಟಿ ಬಿಗಿದು ಕೂತಿದ್ದ ಬ್ಯಾಂಕಿನವಳೇ ಮೊದಲು ನೀರು ಎರಚಿದಳು. ಆಮೇಲೆ ಯಾರು ಯಾರಿಗೆ ಎರಚಿದರೋ ದೇವರೇ ಬಲ್ಲ. ನನ್ನ ಇಳಕಲ್ ಸೀರೆ ಸೊಂಟದವರೆಗೆ ತೊಯ್ದು ತೊಪ್ಪೆಯಾಯಿತು.

ಕೂಗಾಟ ಕೇಳಿ ಗಂಡಸರು ಶಾಲು ಹೊದ್ದುಕೊಂಡೇ ದಂಡೆಗೆ ಓಡಿ ಬಂದರು. "ಹುಷಾರ್ರಿ, ಸೆಳವು ಭಾಳ ಅದ! ನಾವೂ ಬರಬೇಕೇನ್ರಿ?"

"ಬ್ಯಾಡ್ರಿ! ಅಲ್ಲೇ ನಿಂತು ನೋಡ್ರಿ!" ಅಂತ ಗೆಳತಿ ಒದರಿದಳು.

ನಿಂತರು, ಪಾಪ. ನಗು ತಡೆಯಲಾರದೆ ನಾನು ಮೆಟ್ಟಿಲ ಮೇಲೆ ಕುಸಿದು ಕೂತೆ. ಯಾರಿಗೆ ನೆನಪಿದ್ದೇನೆ, ಯಾರಿಗಿಲ್ಲ ಅನ್ನುವುದೆಲ್ಲ ತಲೆಯಿಂದ ಹೋಗಿಬಿಟ್ಟಿತ್ತು. ನೀರಿನಲ್ಲಿದ್ದವರೆಲ್ಲ ನನ್ನನ್ನು ಶಾಲೆಯಲ್ಲಿಟ್ಟ ಅಡ್ಡಹೆಸರು ಹಿಡಿದೇ ಕರೆಯುತ್ತಿದ್ದರು. ಎಷ್ಟೋ ವರ್ಷಗಳಿಂದ ಅಷ್ಟು ಸಂತೋಷವಾಗಿರಲಿಲ್ಲ ನನಗೆ.

ಗೆಳತಿ ಇನ್ನೊಂದು ಮೆಟ್ಟಿಲು ಇಳಿದು ಕೈ ಚಾಚಿದಳು. "ಬಾ, ಏನೂ ಆಗಂಗಿಲ್ಲ."

ಈಜು ಬಾರದು, ಮೊಣಕಾಲು ಬೇರೆ ನೋಯುತ್ತಿತ್ತು. "ನನಗ ಇಷ್ಟೇ ಸಾಕವ್ವ" ಅಂದೆ. ಅಂದ ಮೇಲೆ ಅನಿಸಿತು, ಹದಿಮೂರನೆಯ ವಯಸ್ಸಿನಲ್ಲಿ ಇಳಿಯಲು ಬಿಟ್ಟಿದ್ದರೆ ಇಷ್ಟಕ್ಕೆ ಸಾಕು ಅನ್ನುವವಳೇ ಅಲ್ಲ ನಾನು.