ಹಿಪ್ಪುನೇರಳೆ ತೋಟದಲ್ಲಿ ನಾನೇ ಹೀರೋ

ಹೊಡೆದಾಟದ ಸಿನಿಮಾ ನೋಡಿ ಬಂದರೆ ನನ್ನ ಯಜಮಾನರಿಗೆ ಎರಡು ದಿನ ನೆಲವೇ ಕಾಣುವುದಿಲ್ಲ. ತೋಳು ಮಡಿಸುವುದೇನು, ಹಸುವಿಗೂ ದಪ್ಪ ದನಿಯಲ್ಲಿ ಗದರುವುದೇನು! ಸಿನಿಮಾ ನೋಡಿ ತಲೆ ಕೆಡಿಸಿಕೊಳ್ಳುವವರು ಗಂಡಸರು ಮಾತ್ರ ಎಂದು ನಮ್ಮೂರು ಕೂಟಗಲ್ಲಿನ ಬೀದಿಗೆಲ್ಲ ಸಾರಿದವಳು ನಾನು. ಈಗ ಆ ಬಾಯಿಗೆ ಬೀಗ ಬಿದ್ದಿದೆ.

ರೇಷ್ಮೆಹುಳು ನಾಲ್ಕನೇ ಜ್ವರಕ್ಕೆ, ಅಂದರೆ ಪೊರೆ ಬಿಡಲು, ಕೂತರೆ ಒಂದು ದಿನ ಸೊಪ್ಪು ಮುಟ್ಟುವುದಿಲ್ಲ. ನಮಗೂ ಅದೊಂದೇ ರಜೆ. ಹೋದ ವರ್ಷ ಆ ದಿನ ಯಜಮಾನರ ಜೊತೆ ರಾಮನಗರದಲ್ಲಿ ಮ್ಯಾಟಿನಿ ನೋಡಿದೆ. ಮಚ್ಚು, ರಕ್ತ, ಮತ್ತೆ ಮಚ್ಚು. ಮೊದಮೊದಲು ಕಣ್ಣು ಮುಚ್ಚಿಕೊಂಡೆ. ಇಂಟರ್‌ವಲ್ ಹೊತ್ತಿಗೆ ಬೆರಳ ಸಂದಿಯಿಂದ ನೋಡುತ್ತಿದ್ದೆ. ಕೊನೆಗೆ ಶಿಳ್ಳೆ ಹೊಡೆಯುವುದೊಂದು ಬಾಕಿ. ವಾಪಸ್ ಬರುವಾಗ ಬಸ್ಸಿನಲ್ಲಿ ಒಬ್ಬರನ್ನು ಸುಮ್ಮನೆ ದುರುಗುಟ್ಟಿ ನೋಡಿದೆ, ಪಾಪ, ಸೀಟು ಬಿಟ್ಟು ಎದ್ದೇಬಿಟ್ಟರು. ನನಗೆ ಮಜಾ ಅನ್ನಿಸಿತು.

ಮಾರನೆಯ ಬೆಳಿಗ್ಗೆ ತೋಟಕ್ಕೆ ಹೋದರೆ ನನ್ನ ಓರಗಿತ್ತಿ, ಅಂದರೆ ಮೈದುನನ ಹೆಂಡತಿ, ನಮ್ಮ ಪಾಲಿನ ಎರಡು ಸಾಲು ಹಿಪ್ಪುನೇರಳೆ ಕುಯ್ಯುತ್ತಿದ್ದಳು. ಪಾಲಾದ ಮೇಲೂ ಅವರ ಸೊಪ್ಪು ನಾವು, ನಮ್ಮದು ಅವರು ಕುಯ್ಯುವುದು ಇದ್ದದ್ದೇ. ಅಂದು ಮಾತ್ರ ನನ್ನ ಮೈಮೇಲೆ ಆ ಹೀರೋ ಬಂದಿದ್ದ. ಕುಡುಗೋಲನ್ನು ಅವಳ ಮುಖಕ್ಕೆ ಹಿಡಿದು, "ಇನ್ನೊಂದ್ ಕಡ್ಡಿ ಮುಟ್ಟು, ಕೈ ಇರಾಕಿಲ್ಲ" ಅಂದೆ. ಅವಳು ಕುಯ್ದಿದ್ದ ಹೊರೆಯನ್ನು ಅಲ್ಲೇ ಬಿಟ್ಟು ಹೋದಳು.

ಸಂಜೆಗೆ ಹೀರೋ ಇಳಿದುಹೋದ. ಹೋಗಿ ತಪ್ಪಾಯಿತು ಅನ್ನೋಣವೆಂದರೆ ನನ್ನ ಹಾಳು ಬಿಂಕ ಬಿಡಲಿಲ್ಲ. ಹುಳು ಹಣ್ಣಾಗುವ ದಿನ ಹತ್ತಿರ ಬಂದಂತೆ ಅವಳು ಬರುತ್ತಾಳೋ ಇಲ್ಲವೋ ಎಂದು ಎಣಿಸತೊಡಗಿದೆ. ನಮ್ಮಲ್ಲಿ ಯಾರ ಮನೆಯ ಹುಳು ಹಣ್ಣಾದರೂ ಅಕ್ಕಪಕ್ಕದವರು ಕರೆಯದೆ ಬಂದು ಆರಿಸಿ, ಗೂಡು ಕಟ್ಟಲು ಬಿದಿರಿನ ಚಂದ್ರಿಕೆಗೆ ಬಿಡುತ್ತಾರೆ. ಹದಿನೈದು ವರ್ಷದಿಂದ ನಮ್ಮ ಮನೆಗೆ ಮೊದಲು ಬರುವವಳು ಅವಳೇ. ಬೆಳೆಯೇನೋ ಹೇಗೋ ಆಗುತ್ತಿತ್ತು. ಅವಳು ಬರದಿದ್ದರೆ ನನಗೆ ತಡೆಯಲು ಆಗುತ್ತಿರಲಿಲ್ಲ.

ವಾರಕ್ಕೆ ಹುಳು ಹಣ್ಣಾದವು. ಕೈ ಹುಳುವಿನ ತಟ್ಟೆಯಲ್ಲಿ, ಕಣ್ಣು ಬಾಗಿಲಲ್ಲಿ. ಬೀದಿಯವರೆಲ್ಲ ಬಂದರು. ಅವಳು ತಡವಾಗಿ, ಕಡೆಯಲ್ಲಿ ಬಂದಳು. ಬಂದು ನನ್ನ ಪಕ್ಕದಲ್ಲೇ ಕೂತಳು. ನನಗೆ ಹೋದ ಜೀವ ಬಂದಂತಾಯಿತು.

"ಸಿನಿಮಾ ನೋಡ್ಕಂಡ್ ಬಂದು ಹಂಗ್ ಆಡ್ಬುಟ್ಟೆ ಕಣಮ್ಮಿ. ತಪ್ಪಾಯ್ತು" ಅಂದೆ.

ಅವಳು ಇನ್ನೊಂದು ಹುಳು ಆರಿಸಿ ಚಂದ್ರಿಕೆಗೆ ಬಿಟ್ಟಳು.

"ಆ ಸಿನಿಮಾನ ನೀನ್ ನೋಡೋ ಹಿಂದಿನ್ ದಿನ ನಾನೂ ನೋಡಿದ್ದೆ ಕಣಕ್ಕ" ಅಂದಳು. "ನನ್ ಕೈಲೂ ಕುಡ್ಲು ಇತ್ತು."